ಹೃದಯ ಸುತ್ತು

ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಗಿಣಿಯ ವಿಷಯದಲ್ಲಿ ಈ ಗಾದೆಗೆ ಕೆಲಸವಿರಲಿಲ್ಲ; ಮಗು ನಿಜಕ್ಕೂ ಚೆಂದವಿತ್ತು. ತೊಂದರೆಯಾದದ್ದೇ ಅಲ್ಲಿ. ಹೆಗ್ಗಣದಂತಿದ್ದಿದ್ದರೆ ಮನೆಯವರು ಮುದ್ದು ಮಾಡಿಕೊಂಡು ತಮ್ಮ ಪಾಡಿಗೆ ತಾವು ಇರುತ್ತಿದ್ದರು. ಚೆಂದವಿದ್ದುದರಿಂದ ನಾಲ್ಕನೆಯ ವಯಸ್ಸಿಗೇ ಅದನ್ನು ಮಕ್ಕಳ ಸೌಂದರ್ಯ ಸ್ಪರ್ಧೆಯ ವೇದಿಕೆ ಹತ್ತಿಸಿ ಅಂಕ ಹಾಕಿಸುವ ಏರ್ಪಾಡಾಯಿತು.

ತಾಯಿ ಮದುಮಕ್ಕಳಿಗೆ ಮೇಕಪ್ಪು ಮಾಡುವವಳು. ಮನೆಯ ಮುಂದಿನ ಕೋಣೆಯೇ ಪಾರ್ಲರು: ತಿರುಗುವ ಕುರ್ಚಿ, ಸುತ್ತಲೂ ಬಲ್ಬು ಕೂರಿಸಿದ ಕನ್ನಡಿ, ಎಂದೂ ಬಿಟ್ಟು ಹೋಗದ ಸುಟ್ಟ ಕೂದಲಿನ ವಾಸನೆ. ಮೊಡವೆ, ಹಳೆಯ ಗಾಯದ ಗುರುತು, ಹಿಂದಿನ ದಿನವೆಲ್ಲ ಅತ್ತು ಊದಿದ ಕಣ್ಣು, ಇಂಥ ಯಾವುದನ್ನೂ ಅವಳ ಕೈ ಮದುವೆಯ ಫೋಟೋದೊಳಕ್ಕೆ ಬಿಡುತ್ತಿರಲಿಲ್ಲ. ತಂದೆ ಕನ್ನಡಕದ ಅಂಗಡಿಯಲ್ಲಿ ಗಾಜು ಕೊರೆದು ಕೂರಿಸುವವನು. ಊರಿನವರಿಗೆಲ್ಲ ಕಣ್ಣು ಕಾಣುವಂತೆ ಮಾಡುತ್ತಿದ್ದ. ಮನೆಯಲ್ಲಿ ಮಾತ್ರ ಕಂಡದ್ದನ್ನು ಕಾಣದಂತಿರುವ ವಿದ್ಯೆ ಅವನಿಗೆ ಸಿದ್ಧಿಸಿತ್ತು. ಮೂರನೆಯವಳು ಅವನ ಅಕ್ಕ, ಗಿಣಿಗೆ ಅತ್ತೆ.

ಅತ್ತೆಯ ಮೈಮೇಲೆ ಬಿಳಿ ಮಚ್ಚೆಗಳಿದ್ದವು. ಅದಕ್ಕೆ ಜನ ಇಟ್ಟ ಹೆಸರು ತೊನ್ನು. ಮನೆಯಲ್ಲಿ ಆ ಮಾತು ಆಡುತ್ತಿರಲಿಲ್ಲ, "ಅಕ್ಕನ ಅದು" ಎನ್ನುತ್ತಿದ್ದರು. ಅದು ಬಾಯಿಯ ಸುತ್ತ ಇತ್ತು, ಎಡಗಣ್ಣಿನ ಕೆಳಗಿತ್ತು, ಕತ್ತಿನಿಂದ ಇಳಿದು ಎರಡೂ ತೋಳಿಗೆ ಹಬ್ಬಿತ್ತು. ಮದುವೆಯ ಮಾತು ಎರಡು ಸಲ ಬಂದು ಬಾಗಿಲಿನಿಂದಲೇ ತಿರುಗಿ ಹೋಗಿತ್ತು. ಅಡುಗೆ ಅನಿಲದ ಏಜೆನ್ಸಿಯೊಂದರಲ್ಲಿ ಅವಳಿಗೆ ಫೋನಿನಲ್ಲಿ ಉತ್ತರ ಹೇಳುವ ಕೆಲಸ. ಸಿಲಿಂಡರು ಬರಲಿಲ್ಲವೆಂದು ಜನ್ಮ ಜಾಲಾಡಲು ಫೋನು ಮಾಡಿದವರು ಅವಳ ದನಿ ಕೇಳಿ, ನಿಧಾನಕ್ಕೆ ಕಳಿಸಿ ತಾಯಿ, ಅವಸರವಿಲ್ಲ ಎಂದು ಇಡುತ್ತಿದ್ದರು. ಅಂಥ ದನಿ. ಮುಖ ಕಾಣದ ಕೆಲಸವನ್ನು ಅವಳು ಹುಡುಕಿಕೊಂಡು ಹೋಗಿದ್ದಳು ಎಂಬುದನ್ನು ಬೇರೆ ಹೇಳಬೇಕಿಲ್ಲ.

ಮದುಮಕ್ಕಳು ಕೋಳಿ ಕೂಗುವ ಮುಂಚೆ ಏಳುವವರಾದ್ದರಿಂದ ತಾಯಿ ಬೆಳಗಿನ ಹೊತ್ತು ಮನೆಯಲ್ಲಿ ಸಿಗುತ್ತಿರಲಿಲ್ಲ. ಮಗುವಿನ ಸ್ನಾನ, ತುತ್ತು, ಜ್ವರ, ಹಟ ಎಲ್ಲ ಅತ್ತೆಯ ಪಾಲಿಗೆ ಬಂದವು. ಗಿಣಿ ಎಂದು ಕರೆದವಳೂ ಅವಳೇ. ಮಲಗುವಾಗ ಮಗು ಅವಳ ತೋಳಿನ ಮಚ್ಚೆಗಳ ಅಂಚಿನಲ್ಲಿ ಬೆರಳಾಡಿಸುತ್ತ, "ಇದು ಬಾತುಕೋಳಿ, ಇದು ಮೋಡ, ಇದು ಅಪ್ಪನ ಹೊಟ್ಟೆ" ಎಂದು ಹೆಸರಿಡುತ್ತಿತ್ತು. ಅತ್ತೆ ಬದುಕಿನಲ್ಲಿ ತನ್ನ ಚರ್ಮ ನೋಡಿ ನಕ್ಕವರನ್ನು ಬೇಕಾದಷ್ಟು ಕಂಡಿದ್ದಳು. ನಕ್ಕು ಅಲ್ಲೇ ಕೆನ್ನೆಯಿಟ್ಟು ನಿದ್ದೆ ಹೋದದ್ದು ಇದೊಂದೇ ಜೀವ.

ಆಮೇಲೆ ಬೆನ್ನು ಮೇಡಂ ಬಂದರು. ಮಕ್ಕಳಿಗೆ ವೇದಿಕೆಯ ನಡಿಗೆ ಕಲಿಸುವವರು, ಮಾತು ಮಾತಿಗೂ "ಬೆನ್ನು!" ಎಂದು ಗದರುತ್ತಿದ್ದುದರಿಂದ ಮಕ್ಕಳು ಇಟ್ಟ ಹೆಸರು. ಅವರ ಶಿಕ್ಷಣದಲ್ಲಿ ಮಗುವಿನ ಮೈಯೆಂದರೆ ತಪ್ಪುಗಳು ನುಸುಳಲು ಕಾದಿರುವ ಜಾಗ. ಸೊಳ್ಳೆ ಕಚ್ಚಿದರೆ ತಪ್ಪು, ಮೊಣಕಾಲು ತರಚಿದರೆ ತಪ್ಪು, ಹಲ್ಲು ಬಿದ್ದರಂತೂ ಮಹಾಪರಾಧ. ಗಿಣಿ ಬೇಗ ಕಲಿಯುವ ಮಗು. ಒಂದು ದಿನ ಊಟದ ಮೇಜಿನಲ್ಲಿ ಅತ್ತೆಯನ್ನು ತಲೆಯಿಂದ ಕಾಲಿನವರೆಗೆ ನೋಡಿ ಕೇಳಿತು:

"ಅತ್ತೆ, ಒಂದು ಕಲೆಗೆ ಅರ್ಧ ಅಂಕ ಕಟ್. ನಿನಗೆ ಎಷ್ಟು ಉಳಿಯುತ್ತೆ?"

"ನೀನೇ ಲೆಕ್ಕ ಹಾಕಮ್ಮ."

ಗಿಣಿ ಕೈಬೆರಳು ಮಡಿಚಿತು, ಬಿಚ್ಚಿತು, ಕೈಬಿಟ್ಟಿತು. "ಸೊನ್ನೆಗಿಂತ ಕೆಳಗೆ ನಮಗಿನ್ನೂ ಹೇಳ್ಕೊಟ್ಟಿಲ್ಲ."

ತಂದೆ ನಕ್ಕ. ಅತ್ತೆಯೂ ನಕ್ಕಳು. ಆ ವಾರವೇ ಮಗು ತನ್ನ ದಿಂಬು ಎತ್ತಿಕೊಂಡು ಅಮ್ಮನ ಕೋಣೆಗೆ ಹೋಯಿತು. "ಅದು ಅಂಟ್ಕೊಳ್ಳುತ್ತಾ ಅಂತ ಬೆನ್ನು ಮೇಡಂನ ಕೇಳಿದೆ. ಗೊತ್ತಿಲ್ಲ ಅಂದ್ರು. ಗೊತ್ತಿಲ್ಲದ್ದನ್ನ ಮುಟ್ಟಬಾರದಂತೆ" ಎಂದಿತು. ದ್ವೇಷವಿಲ್ಲ, ಅಸಹ್ಯವೂ ಇಲ್ಲ. ಮಳೆ ಬರುತ್ತೆ, ಕೊಡೆ ತಗೋ ಎನ್ನುವಷ್ಟೇ ಸಲೀಸಾಗಿ ಹೇಳಿತು.

ಮದುವೆಯ ಗಂಡುಗಳಿಗಾಗಿ ಮಾಡದ ಕೆಲಸವನ್ನು ಅತ್ತೆ ಈ ಮಗುವಿಗಾಗಿ ಮಾಡಿದಳು. ಚರ್ಮದ ಡಾಕ್ಟರ ಬಳಿ ಹೋದಳು. ಮುಲಾಮು ಹಚ್ಚಿ ಬೆಳಗಿನ ಬಿಸಿಲಿಗೆ ಮುಖವೊಡ್ಡಬೇಕು ಎಂದರು. ಅಕ್ಕಪಕ್ಕದವರು ತಮಾಷೆ ಮಾಡಿದರೂ ಮಾಳಿಗೆಯ ಮೇಲೆ ಸೂರ್ಯನಿಗೆ ಕೆನ್ನೆ ಕೊಟ್ಟು ಕೂತಳು. ಕೆಲವು ತಿಂಗಳಿಗೆ ಬಾಯಿಯ ಬಳಿಯ ಬಿಳುಪಿನಲ್ಲಿ ಸಾಸಿವೆ ಚೆಲ್ಲಿದಂತೆ ಕಂದು ಚುಕ್ಕೆಗಳು ಮೂಡಿದವು, ಒಂದಕ್ಕೊಂದು ಕೂಡಿಕೊಂಡವು. ಡಾಕ್ಟರು ಭೂತಗನ್ನಡಿ ಹಿಡಿದು ನೋಡಿ, "ನಡುವೆ ನಿಲ್ಲಿಸಬೇಡಿ. ಬಂದ ಬಣ್ಣ ಮುನಿಸ್ಕೊಂಡು ಹೋದ್ರೆ ಮತ್ತೆ ಕರೆದರೂ ಬರುತ್ತೆ ಅಂತ ಹೇಳಕ್ಕಾಗಲ್ಲ" ಎಂದರು. ಅತ್ತೆ ಮನಸ್ಸಿನಲ್ಲೇ ಒಂದು ಕರಾರು ಮಾಡಿಕೊಂಡಿದ್ದಳು: ಮುಖ ತುಂಬಿದ ದಿನ ಮಗು ವಾಪಸು ಬರುತ್ತದೆ.

ಅಷ್ಟರಲ್ಲಿ ಪತ್ರಿಕೆಯೊಂದರಲ್ಲಿ ಯಾರೋ, ಇಂಥ ಸ್ಪರ್ಧೆಗಳಿಂದ ಮಕ್ಕಳ ಮನಸ್ಸು ಕೆಡುತ್ತದೆ, ಹೊರಗಿನ ರೂಪವೇ ಸರ್ವಸ್ವವೆಂದು ಕಲಿಯುತ್ತಾರೆ ಎಂದು ಬರೆದರು. ಸ್ಪರ್ಧೆ ನಡೆಸುವವರು ಓದಿ ಬಹಳ ನೊಂದುಕೊಂಡರು. ನೊಂದುಕೊಂಡು, ಒಳಗಿನ ರೂಪಕ್ಕೂ ಅಂಕವಿಡೋಣ ಎಂದು ತೀರ್ಮಾನಿಸಿದರು. ಹೀಗೆ ಹುಟ್ಟಿದ್ದು ಹೃದಯ ಸುತ್ತು. ಪ್ರತಿ ಮಗುವೂ ಮನೆಯ ನೊಂದ ಜೀವವೊಂದನ್ನು ವೇದಿಕೆಗೆ ಕರೆತಂದು ನಾಲ್ಕು ಮಾತಾಡಿ ಪ್ರೀತಿ ತೋರಿಸಬೇಕು. ಅಂತಿಮ ಸ್ಪರ್ಧೆಯಲ್ಲಿ ಈಜುಡುಗೆಗಿಂತ ಇದಕ್ಕೇ ಹೆಚ್ಚು ಅಂಕ.

ಬೆನ್ನು ಮೇಡಂ ಮನೆಗೇ ಬಂದರು. ಸಂತೆಯಲ್ಲಿ ತರಕಾರಿ ಆರಿಸುವವರ ಹಾಗೆ ಸುತ್ತ ನೋಡಿದರು.

"ಯಜಮಾನರಿಗೆ ಏನಾದ್ರೂ ಕಾಯಿಲೆ?"

"ಗ್ಯಾಸ್ಟ್ರಿಕ್ ಇದೆ" ಎಂದಳು ತಾಯಿ.

"ಅದು ಕಾಣಲ್ಲಮ್ಮ. ಅಜ್ಜಿ ಗಿಜ್ಜಿ?"

"ಹೋಗ್ಬಿಟ್ರು."

"ಛೆ. ಒಂದೆರಡು ವರ್ಷ ಇದ್ದಿದ್ರೆ ಆಗ್ತಿತ್ತು."

ಆಗಲೇ ಅತ್ತೆ ಕೆಲಸದಿಂದ ಬಂದು ಚಪ್ಪಲಿ ಬಿಟ್ಟಳು. ಬೆನ್ನು ಮೇಡಂ ಎದ್ದು ನಿಂತರು. ಆ ಮನೆಯಲ್ಲಿ ಅತ್ತೆಯನ್ನು ಕಂಡು ಎದ್ದು ನಿಂತ ಮೊದಲ ಅತಿಥಿ ಅವರೇ. "ಇವರನ್ನ ಇಷ್ಟು ದಿನ ಎಲ್ಲಿಟ್ಟಿದ್ರಿ!" ಎಂದು ಹತ್ತಿರ ಹೋಗಿ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದರು. ತಿರುಗಿಸಿದವರೇ ಮುಖ ಸಣ್ಣದು ಮಾಡಿದರು. "ಅಯ್ಯೋ, ಇಲ್ಲೆಲ್ಲ ತುಂಬ್ಕೊಳ್ತಾ ಇದೆಯಲ್ರೀ!"

"ಮುಲಾಮು ಹಚ್ತಿದೀನಿ" ಎಂದಳು ಅತ್ತೆ, ಕದ್ದು ಸಿಕ್ಕಿಬಿದ್ದವಳಂತೆ.

"ಮೊದ್ಲು ನಿಲ್ಲಿಸಿ."

ತಾಯಿಗೆ ಸ್ವಲ್ಪ ನಾಚಿಕೆಯಾಯಿತು. ಸ್ವಲ್ಪವೇ. "ಫೈನಲ್ ಮುಗಿಯೋವರೆಗೆ ಅಷ್ಟೇ ಅಕ್ಕ. ಆಮೇಲೆ ದಿನಕ್ಕೆ ಎರಡು ಸಲ ಹಚ್ಕೊಳಿ, ನಾನೇ ಹಚ್ತೀನಿ ಬೇಕಾದ್ರೆ. ಇವಳ ಭವಿಷ್ಯದ ಪ್ರಶ್ನೆ ಅಲ್ವಾ?"

ಅತ್ತೆ ಉತ್ತರ ಕೊಡುವ ಮೊದಲೇ ಬೆನ್ನು ಮೇಡಂ ಚಪ್ಪಾಳೆ ತಟ್ಟಿದರು. "ಬಾ ಗಿಣಿ. ಬೆನ್ನು! ಹಾಂ. ಅತ್ತೆಗೊಂದು ಮುತ್ತು ಕೊಡು, ನೋಡೋಣ."

"ಎಲ್ಲಿ ಕೊಡ್ಲಿ?"

"ಬಿಳಿ ಇರೋ ಕಡೆ."

ಅತ್ತೆ ಮೊಣಕಾಲೂರಿದಳು. ಮಗು ನೆಟ್ಟಗೆ ನಡೆದು ಬಂದು ಎಡಗಣ್ಣಿನ ಕೆಳಗೆ ತುಟಿಯೊತ್ತಿತು. ಒಂದು ವರ್ಷದಿಂದ ಆ ಜಾಗವನ್ನು ಮುಟ್ಟಿದ್ದು ಮುಲಾಮು ಒಂದೇ. ಮುಲಾಮು ಅಂದೇ ನಿಂತಿತು. ಕೈ ಕಡಿದುಕೊಡಿ ಎಂದಿದ್ದರೆ ಯಾವ ಕೈ ಎಂದಷ್ಟೇ ಅವಳು ಕೇಳುತ್ತಿದ್ದಳು.

ಅಂದಿನಿಂದ ದಿನಾ ಸಂಜೆ ಅಭ್ಯಾಸ. ಪಾರ್ಲರಿನ ಕುರ್ಚಿ ಸರಿಸಿ ಜಾಗ ಮಾಡುತ್ತಿದ್ದರು. ಗಿಣಿಯ ಮಾತು ಬಾಯಿಪಾಠವಾಗಿತ್ತು: "ಇವರು ನನ್ನ ಅತ್ತೆ. ಲೋಕ ಇವರ ಚರ್ಮ ನೋಡುತ್ತೆ. ನಾನು ಇವರ ಹೃದಯ ನೋಡ್ತೀನಿ." 'ಹೃದಯ' ಎನ್ನುವಾಗ ಬಲಗೈ ಎದೆಗೆ. ಆಮೇಲೆ ಮುತ್ತು. ಆಮೇಲೆ ಎರಡು ಉಸಿರಿನಷ್ಟು ಹೊತ್ತು ಅಪ್ಪುಗೆ, ಮುಖ ಮಾತ್ರ ಸಭೆಯ ಕಡೆಗೆ. ಮಗುವಿನಲ್ಲಿ ಒಂದೂ ಕುಂದಿರಲಿಲ್ಲ. ತಪ್ಪುತ್ತಿದ್ದವಳು ಅತ್ತೆ. ಒಂದು ದಿನ ಮೊಣಕಾಲೂರುವುದು ತಡವಾಗುತ್ತಿತ್ತು, ಇನ್ನೊಂದು ದಿನ ತಪ್ಪು ಕೆನ್ನೆ ಮುಂದೆ ಬರುತ್ತಿತ್ತು.

"ಏನತ್ತೆ, ನಿನಗಿಷ್ಟೂ ಬರಲ್ವಾ?"

"ವಯಸ್ಸಾಯ್ತಲ್ಲಮ್ಮ. ಇನ್ನೊಂದ್ಸಲ ಮಾಡೋಣ."

ಇನ್ನೊಂದು ಸಲ ಮಾಡುತ್ತಿದ್ದರು. ಫೋನಿನಲ್ಲಿ ಇಡೀ ದಿನ ಒಂದಕ್ಷರ ತಪ್ಪದೆ ಮಾತಾಡುವವಳಿಗೆ ಕೆನ್ನೆ ಯಾವುದೆಂದು ಯಾಕೆ ಮರೆಯುತ್ತದೆ ಎಂದು ಯಾರಿಗೂ ಅನ್ನಿಸಲಿಲ್ಲ. ಮುಗಿದ ಮೇಲೆ ಗಿಣಿ ಕಾಗದದ ಕರವಸ್ತ್ರದಿಂದ ತುಟಿ ಒತ್ತಿಕೊಳ್ಳುತ್ತಿತ್ತು; ಉಜ್ಜಬಾರದು, ಒತ್ತಬೇಕು, ಅದೂ ಪಾಠವೇ.

ಬಂದ ಬಣ್ಣ ಮುನಿಸಿಕೊಂಡು ಹೋಯಿತು. ಮೊದಲು ಬಾಯಿಯ ಸುತ್ತ ತಿಳಿಯಾಯಿತು, ಆಮೇಲೆ ಕಣ್ಣಿನ ಕೆಳಗಿನದು ಹಳೆಯ ಗಡಿಯನ್ನೂ ದಾಟಿ ಮೂಗಿನ ಕಡೆಗೆ ಹೊರಟಿತು. ತಂದೆ ಒಂದು ಸಂಜೆ, "ಅಕ್ಕ, ಮುಲಾಮು ಖಾಲಿ ಆಯ್ತಾ? ತರ್ಲಾ?" ಎಂದ. ಹೆಂಡತಿ ತಿರುಗಿ ನೋಡಿದಳು. ಅವನು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದ.

ಅಂತಿಮ ಸ್ಪರ್ಧೆಯ ದಿನ ಸಭಾಂಗಣದ ಬಣ್ಣದ ಕೋಣೆ ನೋಡುವಂತಿತ್ತು. ಒಂದು ಸಾಲಿನಲ್ಲಿ ಹಗುರ ಗೌನು ತೊಟ್ಟ ಪುಟ್ಟ ಹುಡುಗಿಯರು. ಇನ್ನೊಂದು ಸಾಲಿನಲ್ಲಿ ಅವರವರ ನೊಂದ ಜೀವಗಳು. ಗಾಲಿಕುರ್ಚಿಯ ಅಜ್ಜಿಯೊಬ್ಬಳು ಎದ್ದು ಸರಸರ ನಡೆದು ಶೌಚಾಲಯಕ್ಕೆ ಹೋಗಿ ಬಂದು ಮತ್ತೆ ಅದೇ ಕುರ್ಚಿಯಲ್ಲಿ ಕುಗ್ಗಿದಳು. ತಲೆ ಬೋಳಿಸಿಕೊಂಡ ಚಿಕ್ಕಮ್ಮನೊಬ್ಬಳಿಗೆ ಏನು ಕಾಯಿಲೆಯೆಂದು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಮೂಲೆಯಲ್ಲಿ ಕಣ್ಣಿಲ್ಲದ ಮುದುಕ, ಒಬ್ಬ ಹುಡುಗಿಯ ಅಜ್ಜ, "ಊಟ ಯಾವಾಗ್ರೋ?" ಎಂದು ಗಾಳಿಯನ್ನು ಕೇಳುತ್ತಿದ್ದ. ತಾಯಂದಿರು ಎದುರು ಸಾಲನ್ನು ಓರೆಗಣ್ಣಿನಿಂದ ಅಳೆಯುತ್ತಿದ್ದರು. ಮುದುಕನ ಮೇಲೆ ಬಿದ್ದ ಕಣ್ಣುಗಳು ಬೇಗ ಆಚೆಗೆ ಸರಿಯುತ್ತಿರಲಿಲ್ಲ.

ದೀಪ ಹಾಕಿ ಒಮ್ಮೆ ಎಲ್ಲರನ್ನೂ ವೇದಿಕೆಯಲ್ಲಿ ನಿಲ್ಲಿಸಿ ನೋಡಿದರು. ಹಿಂದಿನ ಸಾಲಿನಲ್ಲಿ ಕೂತ ಬೆನ್ನು ಮೇಡಂ ಕೂಗಿದರು: "ಕಾಣಿಸ್ತಿಲ್ಲ! ಒಂದೂ ಕಾಣಿಸ್ತಿಲ್ಲ! ಸುಮ್ನೆ ಬೆವೆತ ಹೆಂಗಸು ಇದ್ದ ಹಾಗಿದೆ!"

ವೇದಿಕೆಯ ದೀಪ ಎಲ್ಲರ ಮುಖವನ್ನೂ ಬೆಳ್ಳಗೆ ಮಾಡುತ್ತದೆ. ಅಷ್ಟು ತಿಂಗಳು ಮುಲಾಮು ಬಿಟ್ಟದ್ದು, ಹೋದ ಬಣ್ಣ, ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು.

"ನೀವೇ ಏನಾದ್ರೂ ಮಾಡಿ" ಎಂದರು ಬೆನ್ನು ಮೇಡಂ, ತಾಯಿಗೆ. ತಾಯಿ ಪೆಟ್ಟಿಗೆ ತೆಗೆದಳು. ಅತ್ತೆಯನ್ನು ಕನ್ನಡಿಯ ಮುಂದೆ ಕೂರಿಸಿ ಮೊದಲು ಮುಖವಿಡೀ ಕಂದು ಬಣ್ಣ ಗಾಢ ಮಾಡಿದಳು, ಅದರ ಮೇಲೆ ಬಿಳಿಯಲ್ಲಿ ಮಚ್ಚೆ ಬರೆದಳು. ಇಷ್ಟು ವರ್ಷ ಮುಚ್ಚಿದ ಕೈಗೆ ತೆರೆಯುವ ಕೆಲಸ ಹೊಸದು, ಆದರೂ ಕೈ ಪಳಗಿದ್ದು. ಎಡಗೆನ್ನೆ ಮುಗಿಯಿತು. ಹಿಂದೆ ಸರಿದು ನೋಡಿದಳು. ಏನೋ ಕಡಿಮೆಯಾಗಿತ್ತು. ಬ್ರಶ್ಶು ಅದ್ದಿ ಬಲಗೆನ್ನೆಗೂ ಬರೆದಳು: ಅದೇ ಅಳತೆ, ಅದೇ ತಿರುವು, ಅಂಚಿನಲ್ಲಿ ಅದೇ ಮೆದು. ಹುಬ್ಬಿಗೆ ಹುಬ್ಬು, ಕೆನ್ನೆಗೆ ಕೆನ್ನೆ ಹೊಂದಿಸದೆ ಅವಳು ಯಾವ ಮದುಮಗಳನ್ನೂ ಕುರ್ಚಿಯಿಂದ ಎಬ್ಬಿಸಿದವಳಲ್ಲ. ಕೆಟ್ಟದಾಗಿ ಮಾಡುವುದು ಅವಳಿಗೆ ಗೊತ್ತಿರಲಿಲ್ಲ.

"ಸರಿ ಇದೆಯಾ ಅಕ್ಕ?"

"ನೀನು ಮಾಡಿದ್ಮೇಲೆ ಸರಿಯೇ ಇರುತ್ತಮ್ಮ" ಎಂದಳು ಅತ್ತೆ. ಬದುಕಿನಲ್ಲಿ ಮೊದಲ ಸಲ ಅವಳಿಗೆ ಯಾರೋ ಮೇಕಪ್ಪು ಮಾಡಿದ್ದರು.

ಗಿಣಿಯ ಸರದಿ ಬಂತು. ನಡಿಗೆ ಹಂಸದ್ದು, ಬೆನ್ನು ದೀಪದ ಕಂಬ. "ಲೋಕ ಇವರ ಚರ್ಮ ನೋಡುತ್ತೆ, ನಾನು ಇವರ ಹೃದಯ ನೋಡ್ತೀನಿ." ಬಲಗೈ ಎದೆಗೆ ಹೋಯಿತು. ಅತ್ತೆ ಸರಿಯಾದ ಹೊತ್ತಿಗೆ ಮೊಣಕಾಲೂರಿ ಸರಿಯಾದ ಕೆನ್ನೆ ಕೊಟ್ಟಳು; ಇಲ್ಲಿ ಇನ್ನೊಂದು ಸಲ ಇಲ್ಲವೆಂದು ಅವಳಿಗೆ ಗೊತ್ತಿತ್ತು. ಮುತ್ತಾಯಿತು, ಅಪ್ಪುಗೆಯಾಯಿತು. ಚಪ್ಪಾಳೆ ಬಿತ್ತು. ಎಲ್ಲ ಮುಗಿದಿತ್ತು, ತೀರ್ಪುಗಾರರಲ್ಲಿ ಧಾರಾವಾಹಿಯ ನಟಿಯೊಬ್ಬಳು ಮೈಕು ಎಳೆದುಕೊಳ್ಳದಿದ್ದರೆ.

"ತುಂಬಾ ಕ್ಯೂಟು! ಅತ್ತೆಯ ಫೇಸ್ ಪೇಂಟ್ ಅಂತೂ ಸೂಪರ್. ಯಾರು ಮಾಡಿದ್ದು? ಚಿಟ್ಟೆ ತಾನೆ?"

ಪರದೆಯ ಸಂದಿಯಲ್ಲಿ ನಿಂತಿದ್ದ ತಾಯಿಯ ಮುಖ ಹೊಗಳಿಕೆಗೆ ಒಂದು ಕ್ಷಣ ಅರಳಿತು. ಆಮೇಲೆ ಅರ್ಥವಾಯಿತು.

"ಚಿಟ್ಟೆ ಅಲ್ಲ ಮೇಡಂ" ಎಂದಿತು ಗಿಣಿ, ನಗು ಕೆಡದಂತೆ. "ನಿಜವಾದ ಮಚ್ಚೆ."

"ಎರಡೂ ಕಡೆ ಒಂದೇ ಅಚ್ಚು ಇದೆಯಲ್ಲಮ್ಮ?" ಎಂದರು ಪಕ್ಕದಲ್ಲಿದ್ದ ದಂತವೈದ್ಯರು. ಸಭೆಯಲ್ಲಿ ಅಲ್ಲಲ್ಲಿ ನಗು ಎದ್ದಿತು. ದಂತವೈದ್ಯರ ಪೆನ್ನು ಕಾಗದದ ಕಡೆ ಇಳಿಯಿತು.

ವೇದಿಕೆಯ ಮೇಲೆ ಎಂದೂ ಸುಮ್ಮನೆ ನಿಲ್ಲಬಾರದು ಎಂದು ಗಿಣಿಗೆ ಕಲಿಸಿದ್ದರು. ಅದು ಗೌನಿನ ಅಂಚು ಎತ್ತಿ ಮುಷ್ಟಿಗೆ ಸುತ್ತಿಕೊಂಡು ಹತ್ತಿರವಿದ್ದ ಬಲಗೆನ್ನೆಯನ್ನು ಉಜ್ಜಿತು. "ಒರೆಸಿದ್ರೂ ಹೋಗಲ್ಲ ಮೇಡಂ, ನೋಡಿ ಬೇಕಾದ್ರೆ." ಬಿಳಿ ಹೋಯಿತು. ಕಂದು ಬಣ್ಣವೂ ಹೋಯಿತು. ಕೆಳಗಿದ್ದದ್ದು ಒಂದೂ ಕಲೆಯಿಲ್ಲದ ಸಾದಾ ಕೆನ್ನೆ. ಸಭೆ ಹೋ ಎಂದಿತು.

ಮಗುವಿನ ನಗು ಅಲ್ಲಾಡಲಿಲ್ಲ, ಕಣ್ಣು ಮಾತ್ರ ದೊಡ್ಡದಾಯಿತು. "ಈ ಕಡೆ ಅಲ್ಲ! ಆ ಕಡೆ ಇದೆ! ಅತ್ತೆ, ಅಲ್ಲಾಡ್ಬೇಡ!" ಎಂದು ಅವಳ ಕೂದಲು ಹಿಡಿದು ಮುಖ ತಿರುಗಿಸಿ ಎಡಗೆನ್ನೆಗೆ ಕೈ ಹಾಕಿತು. ಪಾತ್ರೆಯ ತಳ ಉಜ್ಜುವ ಹಾಗೆ ಉಜ್ಜಿತು. ಬಣ್ಣದ ಕೆಳಗಿನಿಂದ ನಿಜವಾದದ್ದು ಹೊರಬಂತು: ಹರಿದ ಅಂಚು, ಉಜ್ಜಿದ್ದಕ್ಕೆ ಕೆಂಪೇರಿದ ಬಿಳುಪು. "ಇಲ್ಲಿದೆ! ಇಲ್ಲಿದೆ ನೋಡಿ!" ತೋಳು ಮೇಲೆತ್ತಿ ಹಿಡಿಯಿತು. "ಇಲ್ಲೂ ಇದೆ! ಹೊಟ್ಟೆ ಮೇಲೂ ಇದೆ, ತೋರಿಸ್ಲಾ?"

ಅತ್ತೆ ಮೊಣಕಾಲೂರಿದ್ದಲ್ಲಿಂದಲೇ ಕೈಚಾಚಿ ಮಗುವಿನ ಮುಂದಿದ್ದ ಮೈಕು ತೆಗೆದುಕೊಂಡಳು.

"ಕ್ಷಮಿಸಿ. ಮಗು ಹೇಳ್ತಿರೋದು ನಿಜ. ನನಗೆ ತೊನ್ನಿದೆ. ದಯವಿಟ್ಟು ಅವಳಿಗೆ ಅಂಕ ಕಡಿಮೆ ಮಾಡಬೇಡಿ."

ಆ ದನಿಗೆ ನಟಿ ತಲೆದೂಗಿ, "ವಾಯ್ಸ್ ಎಷ್ಟು ಚೆನ್ನಾಗಿದೆ ಅಲ್ವಾ?" ಎಂದು ಪಕ್ಕದವರಿಗೆ ಹೇಳಿದಳು. ಆಮೇಲೆ ಮೈಕಿನಲ್ಲಿ, "ನೆಕ್ಸ್ಟ್."

ಮುಂದಿನವನು ಕಣ್ಣಿಲ್ಲದ ಮುದುಕ. ಮೊಮ್ಮಗಳು ತನ್ನ ಮಾತು ಮುಗಿಸಿ ಅವನ ಕೈಯನ್ನು ತನ್ನ ಕೆನ್ನೆಗೆ ಇಟ್ಟುಕೊಂಡಳು. ಅವನು ತಡವಿ ನೋಡಿ, ಬೆರಳುಗಳನ್ನು ಒಂದಕ್ಕೊಂದು ತಿಕ್ಕಿ, "ಯಾರಮ್ಮ ನೀನು? ನಮ್ಮನೆ ಕೂಸು ಇಷ್ಟು ಜಿಡ್ಡಿಲ್ಲ" ಎಂದ. ಸಭೆ ಬಿದ್ದು ಬಿದ್ದು ನಕ್ಕಿತು, ನಕ್ಕು ಕಣ್ಣೊರೆಸಿಕೊಂಡಿತು. ಅವನಿಗೆ ಊಟ ಸಿಕ್ಕಿತೋ ಇಲ್ಲವೋ, ಕಿರೀಟ ಮೊಮ್ಮಗಳಿಗೆ ಸಿಕ್ಕಿತು. ಗಿಣಿಗೆ 'ಉತ್ತಮ ನಗು' ಎಂಬ ಪಟ್ಟಿ ಹೆಗಲಿಗೆ ಹಾಕಿದರು. ಬೆನ್ನು ಮೇಡಂ ಗೆದ್ದವರ ಜೊತೆ ಫೋಟೋಕ್ಕೆ ಹೋದವರು ತಿರುಗಿ ಬರಲಿಲ್ಲ.

ಬಾಡಿಗೆ ಕಾರಿನಲ್ಲಿ ಮನೆಗೆ ಹೊರಟರು. ಮುಂದೆ ಡ್ರೈವರಿನ ಪಕ್ಕ ತಾಯಿ. ಹಿಂದೆ ತಂದೆ, ಅತ್ತೆ, ನಡುವೆ ಗಿಣಿ. ಅರ್ಧ ದಾರಿಗೆ ಬಂದಾಗ ತಂದೆ, ಆ ವರ್ಷದಲ್ಲಿ ಮೊದಲ ಸಲ, ಕಂಡದ್ದನ್ನು ನೇರವಾಗಿ ಕೇಳಿದ:

"ಎರಡೂ ಕೆನ್ನೆಗೆ ಯಾಕೆ ಬರೆದೆ?"

"ಒಂದೇ ಕಡೆ ಬರೆದ್ರೆ ಚೆನ್ನಾಗಿ ಕಾಣಲ್ಲ ರೀ" ಎಂದು ತಾಯಿ ಅಳತೊಡಗಿದಳು.

ಗಿಣಿ ಅಳಲಿಲ್ಲ. ಅದು ಯೋಚಿಸುತ್ತಿತ್ತು.

"ಅತ್ತೆ."

"ಹೇಳಮ್ಮ."

"ಆ ಅಜ್ಜಂಗೆ ಹುಟ್ಟಿದಾಗಿಂದ ಕಣ್ಣಿಲ್ವಾ?"

"ಇಲ್ಲ, ಮೊದಲು ಇತ್ತಂತೆ. ಆಮೇಲೆ ಹೋಯ್ತಂತೆ."

"ಹಾಗಾದ್ರೆ ಯಾರಿಗೆ ಬೇಕಾದ್ರೂ ಹೋಗ್ಬಹುದಾ?"

"ಥೂ! ಬಿಡ್ತು ಅನ್ನು!" ಎಂದಳು ತಾಯಿ, ಮುಂದಿನ ಸೀಟಿನಿಂದ ಬೆಚ್ಚಿ.

"ಬಿಡ್ತು" ಎಂದಿತು ಗಿಣಿ. ಆಮೇಲೆ ಅತ್ತೆಯ ಕಡೆ ತಿರುಗಿ ಅವಳ ಎರಡೂ ಕಣ್ಣುಗಳನ್ನು ಒಂದಾದ ಮೇಲೊಂದರಂತೆ ನೋಡಿತು, ಅಳೆಯುವ ಹಾಗೆ. ತಾಯಿ ಅಳು ನಿಲ್ಲಿಸಿದ್ದಳು. ತಲೆಯ ಮೇಲಿನ ಪುಟ್ಟ ಕನ್ನಡಿಯಲ್ಲಿ ಅವಳೂ ಅತ್ತೆಯ ಮುಖವನ್ನೇ ನೋಡುತ್ತಿದ್ದಳು, ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು. ತಂದೆ ಕಿಟಕಿಯ ಕಡೆ ತಿರುಗಿದ.

"ಮುಂದಿನ ವರ್ಷಕ್ಕೆ ಇನ್ನೂ ತುಂಬಾ ಸಮಯ ಇದೆ" ಎಂದಳು ಅತ್ತೆ, ಫೋನಿನ ದನಿಯಲ್ಲಿ. "ನೋಡೋಣ. ಏನಾದ್ರೂ ಮಾಡೋಣ. ಈಗ ಮಲಕ್ಕೋ."

"ಪ್ರಾಮಿಸ್?"

"ಹೂಂ."

ಮಗು ಸಮಾಧಾನದ ಉಸಿರು ಬಿಟ್ಟು ಅವಳ ಮಗ್ಗುಲಿಗೆ ಒರಗಿತು, ಕತ್ತಿನ ಬಿಳುಪಿಗೆ ಕೆನ್ನೆಯಿಟ್ಟಿತು, ಯಾರೂ ಹೇಳಿಕೊಡದೆ, ತಾನಾಗಿ. ಅಲ್ಲೇ ಬಾಯಿ ತೆರೆದುಕೊಂಡು ನಿದ್ದೆ ಹೋಯಿತು. ಉಜ್ಜಿದ ಕೆನ್ನೆ ಉರಿಯುತ್ತಿತ್ತು. ಮನೆ ಬರುವವರೆಗೂ ಅತ್ತೆ ಮುಖ ಒರೆಸಿಕೊಳ್ಳಲು ಕೈಯೆತ್ತಲಿಲ್ಲ. ಕೈಯೆತ್ತಿದರೆ ಮಗು ಎದ್ದೀತು.